ರಹಸ್ಯ ಮೈತ್ರಿ ಒಪ್ಪಂದದವರಿಗೆ ಒಂದು ಬಹಿರಂಗ ಪತ್ರ

ಮಹಾರಾಜಶ್ರೀ ರಹಸ್ಯ ಮೈತ್ರಿ ಒಪ್ಪಂದದವರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಾವು ಗುಟ್ಟಿನಲ್ಲೇ ಹುಟ್ಟಿ ಗುಟ್ಟಿನಲ್ಲೇ ಬೆಳೆದವರು. ಹೀಗೆ ಬಹಿರಂಗವಾಗಿ ಬರೆಯುವುದು ಅಧಿಕಪ್ರಸಂಗವೆನಿಸಿದರೆ ಮನ್ನಿಸಬೇಕು.

ಯುರೋಪಿನ ಶಾಂತಿಗಾಗಿ ತಾವು ಪಟ್ಟ ಪಾಡನ್ನು ಮರೆಯುವುದುಂಟೆ? 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಇಟಲಿಗಳನ್ನು ಒಂದೆಡೆ ಕೂರಿಸಿದಿರಿ. ಅದಕ್ಕೆ ಬೆದರಿದ ಫ್ರಾನ್ಸ್, ರಷ್ಯಾಗಳ ಕೈಕೈ ಹಿಡಿಸಿದಿರಿ. 1907ರ ಹೊತ್ತಿಗೆ ಬ್ರಿಟನ್ನೂ ಅವರ ಪಕ್ಕಕ್ಕೆ ಬಂದು ನಿಂತಿತು. ಇನ್ನು ಯಾರೂ ಯಾರ ಮೇಲೂ ಕೈಮಾಡಲಾರರು ಎಂದು ಭರವಸೆ ಕೊಟ್ಟಿರಿ. ನಂಬಿದೆವು.

1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಜಗಳ ಆಸ್ಟ್ರಿಯಾಕ್ಕೂ ಸರ್ಬಿಯಾಕ್ಕೂ. ತಮ್ಮ ಕೃಪೆಯಿಂದ ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ ಯುದ್ಧ ಸಾರಿತು. ದಾರಿಯಲ್ಲಿ ಸಿಕ್ಕ ತಪ್ಪಿಗೆ ಬೆಲ್ಜಿಯಂ ತುಳಿಸಿಕೊಂಡಿತು. 4ಕ್ಕೆ ಬ್ರಿಟನ್ನೂ ಇಳಿಯಿತು. ಜಗಳದ ಯಜಮಾನ ಆಸ್ಟ್ರಿಯಾ ರಷ್ಯಾದ ಮೇಲೆ ಯುದ್ಧ ಸಾರಿದ್ದು ಮಾತ್ರ ಆಗಸ್ಟ್ 6ಕ್ಕೆ! ನೆರವಿಗೆ ಬಂದವರೇ ಐದು ದಿನ ಮೊದಲು ತೋಳೇರಿಸಿದ್ದರು. ದೊರೆಗಳ ಹಮ್ಮಿಗೂ ಸೇನಾಪತಿಗಳ ರೈಲು ವೇಳಾಪಟ್ಟಿಗೂ ಇದರಲ್ಲಿ ಪಾಲಿದೆ ಎನ್ನಿ. ಪುಣ್ಯವನ್ನೆಲ್ಲ ತಮಗೊಬ್ಬರಿಗೇ ಕಟ್ಟಲಾರೆ.

ತಮ್ಮ ನಿಷ್ಠೆಯ ಪಾಠವೂ ದೊಡ್ಡದು. ಇಟಲಿ ಮೊದಲು ತಟಸ್ಥವೆಂದಿತು. 1915ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ಎದುರು ಪಕ್ಷದೊಡನೆ ಗುಟ್ಟಾಗಿ ಸಹಿ ಹಾಕಿತು. ಹಳೆಯ ಒಪ್ಪಂದವನ್ನು ಮುರಿದದ್ದು ಮೇ ತಿಂಗಳಲ್ಲಿ. ಒಂದು ವಾರ ಎರಡೂ ಮನೆಯಲ್ಲಿ ಅಳಿಯನ ಉಪಚಾರ.

ನಮ್ಮನ್ನೂ ತಾವು ಮರೆಯಲಿಲ್ಲ, ಅದು ತಮ್ಮ ದೊಡ್ಡ ಗುಣ. ತಮ್ಮ ಬಳಗದ ಹಿರಿಯರಾದ ಸಹಾಯಕ ಸೈನ್ಯ ಒಪ್ಪಂದದವರು 1799ರಲ್ಲೇ, ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೆ, ಮೈಸೂರಿಗೆ ಬಂದು ತಳವೂರಿದ್ದರು. ಅಂದಿನಿಂದ ಬ್ರಿಟಿಷರ ಶತ್ರು ನಮಗೂ ಶತ್ರು. ಹಾಗಾಗಿ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆಗೂಡಿ, ಭರ್ಜಿ ಹಿಡಿದು, ಪ್ಯಾಲೆಸ್ಟೈನಿನ ಹೈಫಾ ಬಂದರಿಗೆ ನುಗ್ಗಿದರು. ಎದುರಿಗೆ ಟರ್ಕಿಯ ಮೆಷಿನ್‌ಗನ್‌ಗಳು. ಕಾರ್ಮೆಲ್ ಬೆಟ್ಟದ ಮೇಲೆ ಆಸ್ಟ್ರಿಯಾದ ಫಿರಂಗಿಗಳು. ಸರಯೇವೊದ ಗುಂಡಿಗೂ ಮೈಸೂರಿನ ಕುದುರೆಗೂ ಏನು ನಂಟು ಎಂದು ಕೇಳುವ ಮೂರ್ಖ ನಾನಲ್ಲ. ಸವಾರರು ಬೆಟ್ಟ ಹತ್ತಿದರು, ಊರು ಗೆದ್ದರು. ಆದರೆ ಹೈಫಾ ಬ್ರಿಟನ್ನಿನ ಪಾಲಿಗೆಂದು ತಾವು 1916ರಲ್ಲೇ, ಸೈಕ್ಸ್-ಪಿಕೊ ಒಪ್ಪಂದದ ಅವತಾರದಲ್ಲಿ, ಬರೆದಿಟ್ಟಿದ್ದಿರಿ. ಗೆಲ್ಲುವವರಿಗೆ ಹೇಳಿರಲಿಲ್ಲ, ಅಷ್ಟೆ. ಅಲ್ಲಿಯೇ ವಾಸವಿದ್ದವರಿಗೂ ಹೇಳಿರಲಿಲ್ಲವಂತೆ.

ಆ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74,000. ಬದುಕಿ ಬಂದವರಿಗೆ 1919ರಲ್ಲಿ ರೌಲಟ್ ಕಾಯ್ದೆಯ ಬಹುಮಾನ. ಪಂಜಾಬಿಗೆ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಕೊಸರು. ಸೋತ ಜರ್ಮನಿಗೆ ವರ್ಸೇಲ್ಸ್‌ನಲ್ಲಿ ಹೊರಿಸಿದ ಪರಿಹಾರಕ್ಕಾಗಿ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2010ರಲ್ಲಿ. ತಾವು ಮುಟ್ಟಿದ್ದೆಲ್ಲ ಬಾಳಿಕೆ ಬರುತ್ತದೆ.

ಯುದ್ಧದ ನಡುವೆಯೇ ರಷ್ಯಾದ ಬೋಲ್ಶೆವಿಕರು ತಮ್ಮ ಗುಟ್ಟಿನ ಕಾಗದಗಳನ್ನು ಪತ್ರಿಕೆಗೆ ಕೊಟ್ಟು ತಮ್ಮನ್ನು ಅವಮಾನಿಸಿದರು. ಇನ್ನು ಮುಂದೆ ಒಪ್ಪಂದಗಳನ್ನೆಲ್ಲ ನೋಂದಾಯಿಸಬೇಕೆಂದು ರಾಷ್ಟ್ರಸಂಘ ನಿಯಮ ಮಾಡಿತು. ತಾವು ಮುನಿಸಿಕೊಳ್ಳದೆ 1939ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ, ಹಿಟ್ಲರ್-ಸ್ಟಾಲಿನ್ ಒಪ್ಪಂದದ ರಹಸ್ಯ ಅನುಬಂಧವಾಗಿ, ಮತ್ತೆ ದರ್ಶನ ಕೊಟ್ಟಿರಿ.

ಹೀಗಿರಲು ಸಣ್ಣದೊಂದು ಅರಿಕೆ. ಮುಂದಿನ ಸಲ ಎದ್ದು ಬರುವಾಗ ಮಂತ್ರಿಗಳ ಸಹಿಯ ಕೆಳಗೆ, ಬೆಟ್ಟ ಹತ್ತಬೇಕಾದವರ ಸಹಿಗೂ ಜಾಗ ಬಿಡಿ. ಹೆಬ್ಬೆಟ್ಟಿನ ಗುರುತಾದರೂ ಆದೀತು. ಮಸಿ ನಾವೇ ತರುತ್ತೇವೆ.

ಇಂತಿ,
ತಮ್ಮಲ್ಲೆಲ್ಲೂ ಹೆಸರಿಲ್ಲದ ವಿಧೇಯ ಪ್ರಜೆ