ನೈಲಾನ್ ಮಡಿ: ದಿಲ್ಲಿಯ ವಾಟರ್ ಪಾರ್ಕ್ ಶಾಸ್ತ್ರದ ಮೇಲೊಂದು ಭಾಷ್ಯ

ಯಾವ ಗ್ರಂಥವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಯೇ ಶುರುವಾಗಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ವಾಟರ್ ಪಾರ್ಕ್. ಪ್ರಯೋಜನ, ಜೂನ್ ತಿಂಗಳ ದಿಲ್ಲಿಯಲ್ಲಿ ಜೀವ ಉಳಿಸಿಕೊಳ್ಳುವುದು. ಸಂಬಂಧವೆಲ್ಲ ಹೆಂಡತಿಯ ಕಡೆಯದು, ಖರ್ಚು ನನ್ನ ಕಡೆಯದು. ಅಧಿಕಾರಿ ಯಾರೆಂಬ ನಾಲ್ಕನೆಯ ಪ್ರಶ್ನೆ ನಾಲ್ಕು ಅಡಿ ಎತ್ತರದ ಒಂದು ಗೆರೆಗೆ ಸಂಬಂಧಿಸಿದ್ದು. ಅದಕ್ಕೆ ಪ್ರತ್ಯೇಕ ಪ್ರಕರಣವೇ ಬೇಕು.

ಮೊದಲು ಪೂರ್ವಪಕ್ಷ. ‘ಇದೆಲ್ಲ ಅಮೆರಿಕದಿಂದ ಬಂದ ಚಟ, ನಮ್ಮವರು ನೀರಿಗೆ ದುಡ್ಡು ಕೊಟ್ಟು ಇಳಿದವರಲ್ಲ’ ಎಂಬುದು ಮಾವನವರ ಮತ. ಉತ್ತರಾರ್ಧವನ್ನು ಒಪ್ಪಬಹುದು, ಪೂರ್ವಾರ್ಧ ನಿಲ್ಲುವುದಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರು ಆಡಬೇಕಾದ ಕ್ರೀಡೆಗಳ ಪಟ್ಟಿಯಿದೆ, ಜಲಕ್ರೀಡೆ ಅದರಲ್ಲಿ ಸೇರಿದೆ. ಲಾಕರ್ ಬಾಡಿಗೆ ಎಷ್ಟೆಂದು ಮಾತ್ರ ಅರಸ ಬರೆದಿಲ್ಲ. ಮಹಾಕಾವ್ಯವೆನಿಸಿಕೊಳ್ಳಲು ಬೇಕಾದ ಹದಿನೆಂಟು ವರ್ಣನೆಗಳಲ್ಲೂ ಜಲಕ್ರೀಡೆ ಒಂದು. ಅಂದಮೇಲೆ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ನೀರಿಗಿಳಿಸದ ಸಂಸಾರಕ್ಕೆ ಮಹಾಕಾವ್ಯದ ಯೋಗ್ಯತೆ ಬರುವುದು ಕಷ್ಟ.

ರನ್ನನ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಕೂತೇ ಬೆವರಿದನಲ್ಲ, ಅದು ಭೀಮನ ಗರ್ಜನೆಯ ಫಲವೆಂದು ಇದುವರೆಗಿನ ವಿದ್ವಾಂಸರೆಲ್ಲ ನಂಬಿದ್ದಾರೆ. ಮಧ್ಯಾಹ್ನ ಎರಡು ಗಂಟೆಗೆ ಎನ್‌ಸಿಆರ್‌ನ ಯಾವುದಾದರೂ ವೇವ್ ಪೂಲಿನಲ್ಲಿ ಸೊಂಟದ ಮಟ್ಟ ನಿಂತವನಿಗೆ ಬೇರೆಯೇ ಅರ್ಥ ಹೊಳೆಯುತ್ತದೆ. ಕುರುಕ್ಷೇತ್ರ ದಿಲ್ಲಿಯಿಂದ ನೂರರವತ್ತು ಕಿಲೋಮೀಟರ್ ಅಷ್ಟೆ. ಇಲ್ಲಿ ಬೀಸುವ ಲೂ ಗಾಳಿ ಅಲ್ಲಿಗೂ ಬೀಸುತ್ತದೆ. ಯುದ್ಧ ನಡೆದದ್ದು ಚಳಿಗಾಲದಲ್ಲಲ್ಲವೇ ಎಂಬ ಆಕ್ಷೇಪ ಬಲವಾದದ್ದು. ಆದ್ದರಿಂದಲೇ ಅದನ್ನು ಇಲ್ಲಿ ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಸೆಕೆಯ ಪ್ರಮಾಣಕ್ಕೆ ಒಂದು ಆಧಾರ ಕೊಡುತ್ತೇನೆ: 2024ರ ಮೇ 29ರಂದು ದಿಲ್ಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ದಾಖಲಾಯಿತು. ಯಂತ್ರ ಮೂರು ಡಿಗ್ರಿ ಹೆಚ್ಚು ತೋರಿಸಿತ್ತೆಂದು ಆಮೇಲೆ ಹವಾಮಾನ ಇಲಾಖೆ ತೀರ್ಪು ಕೊಟ್ಟಿತು. ಬರೀ 49.9 ಎಂದು ಗೊತ್ತಾದ ಮೇಲೆ ನಮಗೆಲ್ಲ ಎಷ್ಟೋ ತಂಪೆನಿಸಿತು.

ಸ್ಥಳಪುರಾಣವನ್ನೂ ಹೇಳಿಬಿಡುತ್ತೇನೆ. ಸುಲ್ತಾನ ಇಲ್ತುಮಿಶ್ ಸುಮಾರು 1230ರಲ್ಲಿ ಮೆಹ್ರೌಲಿಯಲ್ಲಿ ಹೌಜ್-ಎ-ಶಮ್ಸಿ ಎಂಬ ಕೆರೆ ಕಟ್ಟಿಸಿದ. ಅದರ ನೀರು ಧುಮುಕುತ್ತಿದ್ದ ಝರ್ನಾ ತೋಟದಲ್ಲಿ, ಫೂಲ್ ವಾಲೋಂ ಕೀ ಸೈರ್ ಹಬ್ಬಕ್ಕೆ ಬಂದ ಜನ ನುಣುಪಾದ ಇಳಿಜಾರು ಕಲ್ಲಿನ ಮೇಲಿಂದ ಜಾರಿ ನೀರಿಗೆ ಬೀಳುತ್ತಿದ್ದರು. ಉಟ್ಟದ್ದು ಹತ್ತಿಯೋ ರೇಷ್ಮೆಯೋ ಎಂದು ಯಾರೂ ಕೇಳುತ್ತಿರಲಿಲ್ಲ. ಸಾಮ್ರಾಜ್ಯ ಹೋಗಿದ್ದು ಸುಮ್ಮನೆ ಅಲ್ಲ. ಆಮೇಲೆ 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರಿನಲ್ಲಿ 1984ರ ನವೆಂಬರ್ 19ರಂದು ಪ್ರಗತಿ ಮೈದಾನದಲ್ಲಿ ಅಪ್ಪು ಘರ್ ತೆರೆಯಿತು. 2008ರಲ್ಲಿ ಅದು ಮುಚ್ಚಿ, ಜಾಗದ ಒಂದು ಪಾಲು ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಜನ ಈಗಲೂ ಸಾಲುಗಟ್ಟಿ ನಿಲ್ಲುತ್ತಾರೆ, ಜಾರುವುದು ಮಾತ್ರ ವಿಚಾರಣೆಯ ದಿನಾಂಕ. ಇಂದು ಕಪಶೇರಾ, ನೋಯ್ಡಾದ ಸೆಕ್ಟರ್ 38ಎ, ಜಿ.ಟಿ. ಕರ್ನಾಲ್ ರಸ್ತೆಯ ಅಲೀಪುರ ಎಂದು ದಿಕ್ಕಿಗೊಂದು ಜಲಕ್ಷೇತ್ರವಿದೆ. ನಾವು ಸಂಸಾರ ಸಮೇತ ಸೇವಿಸಿದ ಕ್ಷೇತ್ರದ ಹೆಸರನ್ನು ಗೋಪ್ಯವಾಗಿಡುವುದೇ ಶಾಸ್ತ್ರಸಮ್ಮತ.

ಇನ್ನು ಸೂತ್ರಗಳು. ಮೂಲ ಸೂತ್ರಪಾಠ ಗೇಟಿನ ಪಕ್ಕದ ಬೋರ್ಡಿನ ಮೇಲೆ ಹಿಂದಿ, ಇಂಗ್ಲಿಷ್ ಎರಡರಲ್ಲೂ ಇದೆ. ಭಾವ ಹೇಳುವಂತೆ, 2005ರಲ್ಲಿ ಬಿಡದಿಯಲ್ಲಿ ಶುರುವಾದ ವಂಡರ್‌ಲಾದ್ದೂ ಇದೇ ಪಾಠವಂತೆ, ಶಾಖಾಭೇದ ಅಲ್ಪಸ್ವಲ್ಪ.

ಸೂತ್ರ 1: ನೈಲಾನ್ ಮಡಿ, ಹತ್ತಿ ಮೈಲಿಗೆ.

ಇದೇ ಶಾಸ್ತ್ರದ ತಿರುಳು, ನನ್ನ ಸಿದ್ಧಾಂತ ನಿಂತಿರುವುದೂ ಇದರ ಮೇಲೆ. ಮನೆಯಲ್ಲಿ ಮಡಿ ಸತ್ತು ಎರಡು ತಲೆಮಾರಾಯಿತೆಂದು ಸಮಾಜಶಾಸ್ತ್ರಜ್ಞರು ಬರೆಯುತ್ತಿದ್ದಾರೆ. ಸತ್ತಿಲ್ಲ. ವಾಟರ್ ಪಾರ್ಕಿಗೆ ಹೋಗಿ ಸೇರಿಕೊಂಡಿದೆ, ಬಾಡಿಗೆಗೂ ಸಿಗುತ್ತದೆ.

ಮೈಸೂರಿನಿಂದ ರಜೆಗೆ ಬಂದಿದ್ದ ಅಜ್ಜಿಯನ್ನು ನೀರಿನ ಅಂಚಿನಲ್ಲೇ ಗಾರ್ಡ್ ತಡೆದ. “ಮಾತಾಜಿ, ಸಾಡಿ ಅಲೌಡ್ ನಹೀ ಹೈ.” ಅಜ್ಜಿಗೆ ಹಿಂದಿ ಬರುವುದಿಲ್ಲ, ಆದರೆ ತಡೆದವನ ಗತ್ತು ಅವರಿಗೆ ಚೆನ್ನಾಗಿ ಗೊತ್ತು, ಐವತ್ತು ವರ್ಷ ಅಡಿಗೆಮನೆಯ ಹೊಸಿಲಲ್ಲಿ ಅವರೂ ಹಾಗೇ ನಿಂತವರು. “ಮುಗುಟ ಉಟ್ಕೊಂಡು ಬಂದ್ರೆ ಬಿಡ್ತಾನೇನೋ ಕೇಳೋ” ಎಂದರು. ಭಾವ ಕೇಳಿದ. ಗಾರ್ಡ್ ಬಾಯಿ ಬಿಡದೆ ಬೋರ್ಡ್ ತೋರಿಸಿದ. ರೇಷ್ಮೆಗೂ ಇಲ್ಲ. ಅಜ್ಜಿಗೆ ಅವನ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಸೂತ್ರಕ್ಕೆ ಕಾರಣವಿಲ್ಲದೆ ಇಲ್ಲ. ಹತ್ತಿಯ ಎಳೆ ಬಿಚ್ಚಿಕೊಂಡು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಸ್ಲೈಡಿನಲ್ಲಿ ಜಾರದೆ ಅರ್ಧದಲ್ಲೇ ನಿಲ್ಲಿಸುತ್ತದೆ. ಹಿಂದಿನಿಂದ ಬರುವವರು ಬಂದು ಗುದ್ದುತ್ತಾರೆ. ಸೆರಗು, ದುಪಟ್ಟಾ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಬರುತ್ತದೆ. ಜೀನ್ಸಿನ ಗುಂಡಿ, ಜಿಪ್ಪು ಫೈಬರ್‌ಗ್ಲಾಸನ್ನು ಗೀಚುತ್ತವೆ. ನಮ್ಮ ಮನೆಗಳ ಮಡಿಗೆ ಇಷ್ಟು ಸ್ಪಷ್ಟ ಕಾರಣ ಕೇಳಿದವರಿಗೆ ಸಿಗುತ್ತಿದ್ದದ್ದು ಮಡಿಕೋಲಿನ ಏಟು.

ಬಾಡಿಗೆ ಮಡಿಯನ್ನು ಹತ್ತಿರದಿಂದ ನೋಡಬೇಕು. ಕೌಂಟರಿನ ಹಿಂದೆ ನೀಲಿ ನೈಲಾನಿನ ಒದ್ದೆ ರಾಶಿ. ಪ್ರತಿ ಚಡ್ಡಿಯ ತೊಡೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಸೊಂಟದ ಎಲಾಸ್ಟಿಕ್ಕು ಹಲವು ಬೇಸಿಗೆ ಕಂಡು ವೈರಾಗ್ಯ ತಾಳಿದ್ದು. ಲಾಡಿ ಒಂದು ಕಡೆಯಿಂದ ಹೊರಬಂದಿದೆ, ಇನ್ನೊಂದು ತುದಿ ಒಳಗೆಲ್ಲೋ ಅಜ್ಞಾತವಾಸದಲ್ಲಿದೆ. ಮಾವನವರಿಗೆ 114ನೇ ನಂಬರು ಸಿಕ್ಕಿತು. ನಿವೃತ್ತ ಅಂಡರ್ ಸೆಕ್ರೆಟರಿಯೊಬ್ಬರು ತೊಡೆಯ ಮೇಲೆ ನಂಬರು ಹೊತ್ತು, ಎಡಗೈಯಲ್ಲಿ ಸೊಂಟ ಹಿಡಿದುಕೊಂಡು, ಬಲಗೈ ಬೀಸುತ್ತ ನೀರಿನ ಕಡೆ ನಡೆದದ್ದನ್ನು ಕಂಡ ಮೇಲೆ, ಸಮಾನತೆ ಬಗ್ಗೆ ನಾನು ಓದಿದ್ದೆಲ್ಲ ಸಪ್ಪೆಯೆನಿಸಿತು.

ಸೂತ್ರ 2: ಮಿಂದು ಬಂದವರೇ ಮೀಯಲು ಇಳಿಯಬೇಕು.

ಕೊಳಕ್ಕಿಳಿಯುವ ಮೊದಲು ಶವರಿನ ಕೆಳಗೆ ನಿಲ್ಲಬೇಕೆಂಬ ಈ ವಿಧಿಯನ್ನು ನವ್ಯರು ನಗುತ್ತ ದಾಟಿಹೋಗುತ್ತಾರೆ. ಅವರಿಗೆ ರಸಾಯನಶಾಸ್ತ್ರ ತಿಳಿಯದು. ಈಜುಕೊಳದ ಬಳಿ ಮೂಗಿಗೆ ಹೊಡೆಯುವ ಘಾಟು ಕ್ಲೋರಿನ್ನಿನದೆಂದೇ ಎಲ್ಲರ ನಂಬಿಕೆ. ಅಲ್ಲ. ಕ್ಲೋರಿನ್ ಜನರ ಬೆವರು, ಮೂತ್ರಗಳ ಜೊತೆ ಸೇರಿದಾಗ ಹುಟ್ಟುವ ಕ್ಲೋರಮೈನಿನ ವಾಸನೆ ಅದು. ಕಣ್ಣುರಿಗೂ ಅದೇ ಕಾರಣ. ಎಂದರೆ, ಘಾಟು ಹೆಚ್ಚಿದ್ದಷ್ಟೂ ನೀರು ಶುದ್ಧವೆಂದು ತಿಳಿದು ಮೂಗರಳಿಸುವವನು ಜನಸಮುದಾಯವನ್ನೇ ಆಘ್ರಾಣಿಸುತ್ತಿರುತ್ತಾನೆ. ಭಾವ ಇದನ್ನು ವಿವರಿಸಿದ್ದು ಎಲ್ಲರೂ ನೀರಿಗಿಳಿದ ಮೇಲೆ. ಸಮಯಪ್ರಜ್ಞೆ ಅವನ ಇಡೀ ವಂಶದಲ್ಲಿಲ್ಲ.

“ದಿನಾ ಹೊಸ ನೀರು ಬಿಡ್ತಾರೇನೋ?” ಎಂದು ದಡದ ಮೇಲಿಂದ ಅಜ್ಜಿ ಕೇಳಿದರು. “ಇಲ್ಲ ಅಜ್ಜಿ, ಅದೇ ನೀರನ್ನ ಮರಳಿನ ಫಿಲ್ಟರಿನಲ್ಲಿ ಸೋಸಿ, ಔಷಧಿ ಹಾಕಿ, ಮತ್ತೆ ಪಂಪು ಮಾಡ್ತಾರೆ.” ಸಂಗಮ ವಿಹಾರದಂಥ ಕಡೆ ಟ್ಯಾಂಕರ್ ಬಂತೆಂದರೆ ಪೈಪು ಹಿಡಿದು ಓಡುವ ಊರಿನಲ್ಲಿ ದಿನಾ ಹೊಸ ನೀರು ಬಿಡಲು ಯಾರಿಗೆ ಧೈರ್ಯ ಬರುತ್ತದೆ? ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ನೀರಿಗೂ ಅವರೇ ಮಡಿ ಮಾಡಿಸ್ತಾರೆ ಅನ್ನು” ಎಂದು ಸೀರೆ ಮೊಣಕಾಲಿಗೆತ್ತಿ ಕಾಲು ಇಳಿಬಿಟ್ಟರು. ಗಾರ್ಡ್ ಅತ್ತ ಮುಖ ತಿರುಗಿಸಿದ. ಪಾದಮಾತ್ರಕ್ಕೆ ವಸ್ತ್ರದೋಷವಿಲ್ಲವೆಂದು ಇದರಿಂದ ಊಹಿಸಬೇಕು.

ಸೂತ್ರ 3: ಹೊರಗಿನ ಅನ್ನ ಒಳಗೆ ಸಲ್ಲದು.

ಎಳೆಮಕ್ಕಳ ಆಹಾರಕ್ಕೂ ಔಷಧಿಗೂ ವಿನಾಯಿತಿಯಿದೆ. ನಮ್ಮ ಬುಟ್ಟಿಯಲ್ಲಿ ಕೋಡುಬಳೆ, ಮೊಸರನ್ನ, ಪುಳಿಯೋಗರೆ ಗೊಜ್ಜು ಇದ್ದವು. ಚೆಕಿಂಗಿನವನು ಗೊಜ್ಜಿನ ಡಬ್ಬಿ ತೆರೆದು, ಇಂಗಿನ ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದು, “ಯೇ ದವಾಈ ಹೈ ಕ್ಯಾ?” ಎಂದ. ಹೌದೆಂದಿದ್ದರೆ ಗೊಜ್ಜು ದಾಟುತ್ತಿತ್ತು. ಸತ್ಯಹರಿಶ್ಚಂದ್ರನ ಸಂತತಿಯಾದ ಮಾವನವರು, “ನಹೀ, ನಹೀ, ಚಾವಲ್ ಮೇ ಮಿಲಾತೇ ಹೈ” ಎಂದು ಪಾಕವಿಧಾನವನ್ನೇ ಬಿಚ್ಚಿಟ್ಟರು. ಕಡೆಗೆ ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ಟಿನ ಮೇಲೆ ಪೇಪರು ಹಾಸಿ, ಹತ್ತೂವರೆ ಗಂಟೆಗೇ ಎಲ್ಲರೂ ಉಂಡರು. ಹೊಟ್ಟೆಯೊಳಗಿರುವುದು ಹೊರಗಿನ ಅನ್ನವಲ್ಲ ಎಂಬುದು ನಿರ್ವಿವಾದ. ಆದರೆ ಉಂಡ ಕೂಡಲೇ ಸ್ಲೈಡ್ ಹತ್ತಬಾರದೆಂದು ಇನ್ನೊಂದು ವಿಧಿಯಿದೆ. ಎರಡು ವಿಧಿಗಳು ತಾಕಲಾಡಿದಾಗ ವಿಶೇಷ ವಿಧಿಗೇ ಬಲವೆಂದು ಮೀಮಾಂಸಕರು ಹೇಳುತ್ತಾರೆ. ನಾದಿನಿಯ ಮಗ ಪುಟ್ಟನಿಗೆ ಮೀಮಾಂಸೆ ಓದಿಸಿರಲಿಲ್ಲ. ಮುಂದಿನದನ್ನು ಇಲ್ಲಿ ಬರೆಯುವುದು ಬೇಡ.

ಸೂತ್ರ 4: ಒಂದೇ ಜೀವ, ಎರಡು ಎತ್ತರ.

ಟಿಕೆಟ್ ಕೌಂಟರಿನ ಗೋಡೆಯ ಮೇಲೊಂದು ಗೆರೆ; ಅದಕ್ಕಿಂತ ಗಿಡ್ಡವಿದ್ದರೆ ಮಕ್ಕಳ ಟಿಕೆಟ್. ದೊಡ್ಡ ಸ್ಲೈಡಿನ ಬುಡದಲ್ಲಿ ಅದೇ ನಾಲ್ಕು ಅಡಿಯ ಗೆರೆ. ಅದಕ್ಕಿಂತ ಎತ್ತರವಿದ್ದವರಿಗಷ್ಟೇ ಪ್ರವೇಶ. ಬೆಳಿಗ್ಗೆ ನಾದಿನಿ ಪುಟ್ಟನ ನೆತ್ತಿಯ ಮೇಲೆ ಕೈಯಿಟ್ಟು, “ಸ್ವಲ್ಪ ಕುಗ್ಗೋ, ಮಂಡಿ ಸಡ್ಲ ಬಿಡು” ಎಂದಳು. ಮಧ್ಯಾಹ್ನ ಅದೇ ಕೈ ಅವನ ಗಲ್ಲದ ಕೆಳಗಿತ್ತು: “ನೆಟ್ಟಗೆ ನಿಂತ್ಕೊ, ಉಸಿರು ಎಳ್ಕೋ.” ಇದನ್ನು ಮೋಸವೆನ್ನುವವರು ಏಕಾಂತವಾದಿಗಳು. ಪುಟ್ಟ ಒಂದು ದೃಷ್ಟಿಯಿಂದ ಗಿಡ್ಡ, ಇನ್ನೊಂದು ದೃಷ್ಟಿಯಿಂದ ಎತ್ತರ, ಎರಡೂ ಏಕಕಾಲಕ್ಕೆ ಹೌದು, ಹೇಳಲಿಕ್ಕಾಗದ್ದೂ ಹೌದು. ಪಂಪ, ರನ್ನರು ನಂಬಿದ ಧರ್ಮದ ಸ್ಯಾದ್ವಾದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಯಾವ ಬಸದಿಯಲ್ಲೂ ಸಿಗುವುದಿಲ್ಲ.

ಸೂತ್ರ 5: ಒಂಟಿ ಗಂಡಸಿಗೆ ನೀರಿಲ್ಲ.

‘ಸ್ಟ್ಯಾಗ್ ಎಂಟ್ರಿ’ ಇಲ್ಲ, ಸಂಸಾರವಂದಿಗರಿಗೆ ಮಾತ್ರ ಪ್ರವೇಶವೆಂಬ ಇಂಥ ಬೋರ್ಡು ಎನ್‌ಸಿಆರ್‌ನಲ್ಲಿ ಹೊಸದಲ್ಲ. ಸಂಜೆಯ ಹೊತ್ತು ಗುಂಪುಗೂಡಿ ಬರುವ ಹುಡುಗರ ನಡತೆ ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ತೊಡಕು ಬಂದದ್ದು ಮದುವೆಯಾಗದೆ ಉಳಿದ ಚಿಕ್ಕಮಾವನವರಿಂದ. ಅವರು ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವವರು. ಗೇಟಿಗೆ ಒಬ್ಬರೇ ತಲುಪಿದರು, ಒಬ್ಬರೇ ನಿಂತರು. ಕಡೆಗೆ ಅಜ್ಜಿ ಬಂದು ಅವರ ಕೈ ಹಿಡಿದು, ಅರವತ್ತೆರಡು ವರ್ಷದ ಮಗನನ್ನು ಒಳಗೆ ಕರೆದೊಯ್ದರು. ಗಂಗೆಯ ಸ್ವಂತ ಮಗನಾದ ಭೀಷ್ಮನಿಗೂ ಇಲ್ಲಿ ನೀರಿಗಿಳಿಯುವ ಯೋಗವಿಲ್ಲ, ತಾಯಿಯೇ ಗೇಟಿನವರೆಗೆ ಹರಿದು ಬರದ ಹೊರತು.

ಸ್ಲೈಡಿನ ಆಸನವಿಧಿ ಸರಳ: ಅಂಗಾತ ಮಲಗಿ, ಕೈಗಳನ್ನು ಎದೆಯ ಮೇಲೆ ಕಟ್ಟಿ, ಕಾಲು ಮುಂದಾಗಿ ಹೋಗಬೇಕು. ತಲೆ ಮುಂದಾಗಿ ಹೋಗುವುದು ಜ್ಞಾನಿಗಳಿಗೂ ನಿಷಿದ್ಧ. ಲಾಕರಿನ ಬಗ್ಗೆ ಒಂದೇ ಮಾತು: ರಸೀದಿಯನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ನೀರಿಗಿಳಿದವನಿಗೆ ಡಿಪಾಸಿಟ್ ವಾಪಸು ಬಂದ ನಿದರ್ಶನ ಯಾವ ಭಾಷ್ಯದಲ್ಲೂ ಇಲ್ಲ.

ಇಷ್ಟು ನಿಷೇಧಗಳನ್ನು ನಮ್ಮ ಸಂಸಾರ ಬೆಳಗಿನಿಂದ ಸಂಜೆಯವರೆಗೆ ಚಾಚೂ ತಪ್ಪದೆ ಪಾಲಿಸಿತು. ದೇವರ ಮನೆಗೆ ಸಾಕ್ಸ್ ಹಾಕಿಕೊಂಡೇ ನುಗ್ಗುವ ಭಾವ, ಲೈಫ್‌ಗಾರ್ಡ್ ಒಮ್ಮೆ ಸೀಟಿ ಊದಿದ್ದಕ್ಕೇ ಮೆಟ್ಟಿಲಿಳಿದು ಹೋಗಿ ಕಾಲು ತೊಳೆದು ಬಂದ. “ಮನೇಲಿ ನಾನು ಹೇಳಿದ್ರೆ ಮೂಢನಂಬಿಕೆ, ಇಲ್ಲಿ ಪೀಪಿ ಊದಿದ್ರೆ ಹೈಜೀನು” ಎಂದರು ಅಜ್ಜಿ. ನನ್ನ ಸಿದ್ಧಾಂತವನ್ನು ಅವರು ನನಗಿಂತ ಮೊದಲೇ, ಕಡಿಮೆ ಮಾತಿನಲ್ಲಿ ಮಂಡಿಸಿಬಿಟ್ಟಿದ್ದರಿಂದ ಇದನ್ನು ದಿಲ್ಲಿ ಕರ್ನಾಟಕ ಸಂಘದ ವೇದಿಕೆಗೆ ಒಯ್ಯುವ ಯೋಚನೆ ಕೈಬಿಟ್ಟಿದ್ದೇನೆ.

ಉಳಿದದ್ದು ರೇನ್ ಡ್ಯಾನ್ಸ್. ಮೇಲಿನ ಪೈಪುಗಳಿಂದ ನೀರು ಸುರಿಯುತ್ತದೆ, ಡಿಜೆ ಪಂಜಾಬಿ ಹಾಡು ಹಾಕುತ್ತಾನೆ, ಎಲ್ಲರೂ ಕೈಯೆತ್ತಿ ಕುಣಿಯುತ್ತಾರೆ. ಚಿಕ್ಕಮಾವನವರಿಗೆ ಕನ್ನಡಾಭಿಮಾನ ಉಕ್ಕಿತು. ಹೋಗಿ, “ಭಯ್ಯಾ, ಏಕ್ ಕನ್ನಡ ಗಾನಾ ಲಗಾವೋ” ಎಂದರು. “ಸೌತ್ ಕಾ? ಅಭೀ ಲೋ ಅಂಕಲ್‌ಜೀ” ಎಂದು ಅವನು ಹಾಕಿದ್ದು ‘ಲುಂಗಿ ಡ್ಯಾನ್ಸ್’. ಭಾಷೆ ಹಿಂದಿ, ಹಾಡಿದವನು ದಿಲ್ಲಿಯ ಹುಡುಗ ಹನಿ ಸಿಂಗ್, ಹಾಡು ಅರ್ಪಿತವಾದದ್ದು ರಜನೀಕಾಂತರಿಗೆ. ಅವರು ಒಂದಾನೊಂದು ಕಾಲದಲ್ಲಿ ಬೆಂಗಳೂರಿನ ಬಸ್ ಕಂಡಕ್ಟರಾಗಿದ್ದವರಾದ್ದರಿಂದ ಪರಂಪರಾ ಸಂಬಂಧದಿಂದ ಇದೂ ಕನ್ನಡದ್ದೇ ಎಂದು ಚಿಕ್ಕಮಾವ ಅರೆಕ್ಷಣದಲ್ಲಿ ಸಮನ್ವಯ ಮಾಡಿಕೊಂಡು ಕುಣಿಯಲು ನಿಂತರು. ಲುಂಗಿ ಕಾಣದಿದ್ದರೆ ಹಾಡಿಗೆ ಅರ್ಥವಿಲ್ಲವೆಂದು ಹೆಗಲ ಮೇಲಿದ್ದ ಟವೆಲನ್ನು ಚಡ್ಡಿಯ ಮೇಲೆ ಸುತ್ತಿ ಎತ್ತಿ ಕಟ್ಟಿದರು. ಟವೆಲು ಅಪ್ಪಟ ಹತ್ತಿಯದು. ಆ ಕಡೆಯಿಂದ ಸೀಟಿ ಊದುತ್ತ ಗಾರ್ಡ್ ಓಡಿಬಂದ, ಅವನ ಹಿಂದೆಯೇ, “ಬಿಚ್ಚೋ, ಮೈಲಿಗೆ!” ಎಂದು ಕೂಗುತ್ತ ಅಜ್ಜಿ.