ಚಕಮಕಿಯ ಚಾಕರಿ

ಪೈಪು ಸೇದುವವರೆಂದು ಲೋಕವು ಯಾರನ್ನು ಕರೆಯುತ್ತದೆಯೋ ಅವರು ವಸ್ತುತಃ ಪೈಪು ಹೊತ್ತಿಸುವವರು. ಸಿಗರೇಟಿಗೆ ಒಮ್ಮೆ ಬೆಂಕಿ ಮುಟ್ಟಿಸಿದರೆ ಸೇದುವವನು ಮರೆತರೂ ಅದು ತನ್ನ ಕರ್ತವ್ಯವನ್ನು ಮರೆಯದೆ ಕೊನೆಯವರೆಗೆ ಉರಿದು ಬೂದಿಯಾಗುತ್ತದೆ. ಪೈಪಿನ ಪ್ರಕೃತಿ ಹಾಗಲ್ಲ. ಬಟ್ಟಲಿಗೆ ಹೊಗೆಸೊಪ್ಪನ್ನು ಹದವಾಗಿ ತುಂಬಿ ಮೊದಲ ಸಲ ಬೆಂಕಿ ತೋರಿಸಿದಾಗ ಎಸಳುಗಳೆಲ್ಲ ಸೆಟೆದು ಮೇಲೇಳುತ್ತವೆ. ಅವನ್ನು ಮೃದುವಾಗಿ ಅಮುಕಿ ಸಮಾಧಾನಪಡಿಸಿ ಎರಡನೆಯ ಸಲ ಬೆಂಕಿ ತೋರಿಸಬೇಕು. ಅಷ್ಟರಲ್ಲಿ ಯಾರಾದರೂ ಮಹನೀಯರು ಬಂದು ದೇಶದ ಸ್ಥಿತಿಗತಿಗಳನ್ನು ಕುರಿತು ನಮ್ಮ ಅಭಿಪ್ರಾಯ ಕೇಳಿದರೆಂದರೆ, ಉತ್ತರದ ಪೀಠಿಕೆ ಮುಗಿಯುವುದರೊಳಗೆ ಪೈಪು ಆರಿಹೋಗಿರುತ್ತದೆ. ಇಂಥ ಉಪಕರಣಕ್ಕೆ ಬೆಂಕಿಯನ್ನು ಒದಗಿಸಲು ಕಲ್ಲು ಬತ್ತಿಗಳ ಹಳೆಯ ಲೈಟರನ್ನೇ ಗೊತ್ತುಮಾಡಿಕೊಂಡವನಿಗೆ ಹೊತ್ತು ಹೋಗುವುದಿಲ್ಲವೆಂಬ ಚಿಂತೆ ಈ ಜನ್ಮದಲ್ಲಿ ಇರಲಾರದು. ಧೂಮಪಾನದಿಂದ ಆರೋಗ್ಯಕ್ಕೆ ಹಾನಿಯೆಂದು ವೈದ್ಯರು ಹೇಳುವುದು ನಿರ್ವಿವಾದವಾದ ಸತ್ಯ. ನನ್ನ ಲೈಟರೂ ಅದನ್ನು ಬಲ್ಲುದೆಂದೇ ಅದರ ನಡವಳಿಕೆಯಿಂದ ನಾನು ಊಹಿಸಿದ್ದೇನೆ.

ಬೆಂಕಿಕಡ್ಡಿ ಹಳೆಯದು, ಲೈಟರು ಆಧುನಿಕರ ಆಡಂಬರ ಎಂದು ತಿಳಿದವರುಂಟು. ಅದು ಸರಿಯಲ್ಲ. ಯೇನಾ ನಗರದ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ ಡೋಬರೈನರ್ ಎಂಬಾತನು ಗಂಧಕಾಮ್ಲದಲ್ಲಿ ಸತುವನ್ನು ಅದ್ದಿ, ಅದರಿಂದೆದ್ದ ಜಲಜನಕವನ್ನು ಪ್ಲಾಟಿನಮ್ಮಿನ ಮೇಲೆ ಹರಿಸಿ, ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳುವ ದೀಪವನ್ನು ನಿರ್ಮಿಸಿದ್ದು 1823ರಲ್ಲಿ. ಇಂಗ್ಲೆಂಡಿನಲ್ಲಿ ಜಾನ್ ವಾಕರನು ಉಜ್ಜಿದರೆ ಹತ್ತುವ ಕಡ್ಡಿಗಳನ್ನು ಮಾರಲಾರಂಭಿಸಿದ್ದು 1827ರಲ್ಲಿ. ಆಮ್ಲ ತುಂಬಿದ ಗಾಜಿನ ಪಾತ್ರೆಯನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವಂತಿರಲಿಲ್ಲವಾದುದರಿಂದ ಕಡ್ಡಿಯು ಗೆದ್ದಿತು. ಆದರೆ ಗೆದ್ದವನು ಹಿರಿಯನಾಗುವುದಿಲ್ಲ.

ಜೇಬಿಗೆ ಇಳಿಯುವ ಲೈಟರು ಬರಲು ಕಿಡಿ ಕಾರುವ ಕಲ್ಲು ಬೇಕಾಗಿತ್ತು. ನಮ್ಮ ಹಳ್ಳಿಗಳಲ್ಲಿ ಬೆಂಕಿಪೊಟ್ಟಣ ಬಂದ ಮೇಲೂ ಬಹುಕಾಲ ಹಿರಿಯರ ಸಂಚಿಯೊಳಗೆ ಎಲೆ, ಅಡಕೆ, ಹೊಗೆಸೊಪ್ಪುಗಳ ನೆರೆಯಲ್ಲಿ ಚಕಮಕಿ ಕಲ್ಲು, ಉಕ್ಕಿನ ತುಂಡು, ಒಂದಿಷ್ಟು ಅರಳೆ ಇವು ಇದ್ದೇ ಇರುತ್ತಿದ್ದವು. ಅಲ್ಲಿ ಕಲ್ಲು ಉಕ್ಕನ್ನು ಹೆರೆಯುತ್ತದೆ, ಹಾರುವ ಕಿಡಿ ಉಕ್ಕಿನದು. ಲೈಟರಿನಲ್ಲಿ ಉಕ್ಕಿನ ಹಲ್ಲುಚಕ್ರವು ಕಲ್ಲನ್ನು ಹೆರೆಯುತ್ತದೆ, ಕಿಡಿ ಕಲ್ಲಿನದು. ಆ ಕಲ್ಲಾದರೋ ಕಲ್ಲೇ ಅಲ್ಲ, ಲೋಹ. ಇದನ್ನು ಕಂಡುಹಿಡಿದು 1903ರಲ್ಲಿ ಹಕ್ಕು ಪಡೆದವನು ಆಸ್ಟ್ರಿಯ ದೇಶದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ನಮ್ಮ ಮದುವೆಮನೆಗಳ ಗ್ಯಾಸ್‌ಲೈಟಿನಲ್ಲಿ ಬೆಳಗಿದ ಮ್ಯಾಂಟಲು ಕೂಡ ಈ ಪುಣ್ಯಾತ್ಮನ ಸೃಷ್ಟಿಯೇ. ಮ್ಯಾಂಟಲಿಗಾಗಿ ಮೊನಜೈಟ್ ಮರಳಿನಿಂದ ಥೋರಿಯಮ್ಮನ್ನು ತೆಗೆದುಕೊಂಡ ಮೇಲೆ ಸೀರಿಯಮ್ ಮೊದಲಾದವು ಯಾರಿಗೂ ಬೇಡದ ಕಸವಾಗಿ ಗುಡ್ಡೆ ಬೀಳುತ್ತಿದ್ದುವು. ಅದಕ್ಕೆ ನೂರಕ್ಕೆ ಮೂವತ್ತರಷ್ಟು ಕಬ್ಬಿಣವನ್ನು ಬೆರೆಸಿದರೆ, ಕೆರೆದ ಮಾತ್ರಕ್ಕೆ ಕಿಡಿ ಸುರಿಸುವ ಗಟ್ಟಿ ಲೋಹವಾಗುವುದೆಂದು ಆತನು ಕಂಡನು. ಈ ಕಥೆಯಲ್ಲಿ ನಮ್ಮ ಕಡೆಯವರಿಗೂ ಒಂದು ಪಾತ್ರವುಂಟು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞನು ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಇದೇ ಮೊನಜೈಟನ್ನು ಗುರುತಿಸಿದನು. ನಮ್ಮವರು ನಾರು ಕಳುಹಿಸಿದರು. ಅವರು ಅದನ್ನು ಕೊಡವಿ, ಉದುರಿದುದನ್ನು ಇಟ್ಟುಕೊಂಡರು.

ಸರ್ಕಾರಗಳಿಗೆ ಕಿಡಿ ಕಂಡರೆ ಸುಂಕದ ನೆನಪಾಗುತ್ತದೆ. ಭಾರತ ಸರ್ಕಾರವು 1934ರಲ್ಲಿ ಬೆಂಕಿಕಡ್ಡಿಯ ಮೇಲೆ ಉತ್ಪಾದನಾ ಸುಂಕವನ್ನು ವಿಧಿಸಿ, ಜನರು ಅದನ್ನು ತಪ್ಪಿಸಿಕೊಳ್ಳಲು ಲೈಟರಿನ ಮರೆಹೊಕ್ಕಾರೆಂಬ ಶಂಕೆಯಿಂದಲೋ ಏನೋ, ಅದೇ ವರ್ಷ ಯಾಂತ್ರಿಕ ಲೈಟರುಗಳಿಗೆಂದೇ ಪ್ರತ್ಯೇಕವಾದ ಒಂದು ಕಾಯಿದೆಯನ್ನು ಮಾಡಿತು. ಆ ಕಾಯಿದೆಯನ್ನು ಬರೆದವರಲ್ಲಿ ಒಬ್ಬರಾದರೂ ನನ್ನ ಲೈಟರಿನಂಥದನ್ನು ಬಳಸಿದ್ದರೆ, ಇದರಿಂದ ಬೆಂಕಿಕಡ್ಡಿಯ ಆದಾಯಕ್ಕೆ ಕುಂದು ಬಾರದೆಂದೂ, ಇದನ್ನಿಟ್ಟುಕೊಂಡ ಪ್ರತಿಯೊಬ್ಬನೂ ಇನ್ನೊಂದು ಜೇಬಿನಲ್ಲಿ ತಪ್ಪದೆ ಬೆಂಕಿಪೊಟ್ಟಣವನ್ನಿಟ್ಟಿರುತ್ತಾನೆಂದೂ ತಿಳಿದು ನೆಮ್ಮದಿಯಿಂದ ನಿದ್ರಿಸುತ್ತಿದ್ದರು.

ನನ್ನದು ಚಿಕ್ಕಪೇಟೆಯ ಸಮೀಪದ ಭಾನುವಾರದ ಗುಜರಿಯಲ್ಲಿ ದೊರೆತ, ಮಾಡಿದವರ ಮುದ್ರೆ ಸವೆದುಹೋದ ಹಿತ್ತಾಳೆಯ ಲೈಟರು. ಅದರ ಹೊಟ್ಟೆಯಲ್ಲಿ ಅರಳೆ, ಅರಳೆಯ ನಡುವೆ ತಾಮ್ರದ ಎಳೆ ಸೇರಿಸಿ ಹೆಣೆದ ಬತ್ತಿ. ತಳದ ತಿರುಪನ್ನು ಬಿಚ್ಚಿ ನ್ಯಾಫ್ತಾ ಎಂಬ ತೆಳು ಎಣ್ಣೆಯನ್ನು ಹನಿಹನಿಯಾಗಿ ಉಣಿಸಬೇಕು. ಉಣಿಸಿದ್ದು ಕಡಿಮೆಯಾದರೆ ಕಿಡಿ ಹಾರುತ್ತದೆ, ಬತ್ತಿ ಹತ್ತುವುದಿಲ್ಲ. ಹೆಚ್ಚಾದರೆ ಎಣ್ಣೆಯು ಜೇಬಿನೊಳಗೆ ಒಸರಿ ತೊಡೆಯ ಮೇಲೆ ಚೌಕಾಕಾರದ ಕೆಂಪು ಗುರುತನ್ನು ಒತ್ತುತ್ತದೆ. ಮಾಧ್ವರು ತಪ್ತಮುದ್ರೆಗಾಗಿ ಆಷಾಢದ ಏಕಾದಶಿಯವರೆಗೆ ಕಾಯಬೇಕು, ನನಗೆ ತಿಥಿನಕ್ಷತ್ರಗಳ ನಿರ್ಬಂಧವಿಲ್ಲ. ಸರಿಯಾಗಿ ಉಣಿಸಿದೆವೋ, ಬಳಸಿದರೂ ಬಳಸದಿದ್ದರೂ ಕೆಲವೇ ದಿನಗಳಲ್ಲಿ ಎಲ್ಲವೂ ಆವಿಯಾಗಿರುತ್ತದೆ. ಇನ್ನು ಕಲ್ಲು ಬದಲಾಯಿಸುವ ಕರ್ಮವಂತೂ ಏಕಾಂತದಲ್ಲಿ ಮಾಡತಕ್ಕದ್ದು. ತಿರುಪು ಸಡಿಲಿಸಿದೊಡನೆ ಒಳಗೆ ಮುದುಡಿ ಕುಳಿತಿದ್ದ ಸ್ಪ್ರಿಂಗು ನೆಗೆದು ಅಲಮಾರಿನ ಅಡಿಗೆ ಹೋಗುತ್ತದೆ. ಅದನ್ನು ಹುಡುಕಲು ಬಗ್ಗಿದಾಗ ಅಂಗೈಯಲ್ಲಿದ್ದ ಕಲ್ಲು ಮಂಚದ ಅಡಿಗೆ ಹೋಗುತ್ತದೆ. ಎರಡನ್ನೂ ಬೆನ್ನಟ್ಟಿ ಕೆಂಪು ಗಾರೆಯ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಸಂಚರಿಸುವ ಗೃಹಸ್ಥನನ್ನು ಕಂಡ ಅತಿಥಿಗಳು ಸೌಜನ್ಯದಿಂದ ಏನನ್ನೂ ಕೇಳುವುದಿಲ್ಲ.

ಇಷ್ಟೆಲ್ಲ ಆಗಿ ಜ್ವಾಲೆ ಎದ್ದರೂ ಕಷ್ಟ ತೀರಲಿಲ್ಲ. ಕೊಳ್ಳಿಯನ್ನು ಕೆಳಮುಖವಾಗಿ ಹಿಡಿದರೂ ಅದರ ಶಿಖೆ ಎಂದೂ ಕೆಳಕ್ಕೆ ಹೋಗದೆಂದು ಹೇಳಿ ಭರ್ತೃಹರಿಯು ಧೀರಪುರುಷನನ್ನು ಹೊಗಳಿದ್ದಾನೆ; ಆತನು ಪೈಪು ಸೇದಿದವನಲ್ಲ. ಪೈಪಿನ ಬಟ್ಟಲಿಗೆ ಬೆಂಕಿ ಇಳಿಯಬೇಕಾದದ್ದು ಮೇಲಿನಿಂದ ಕೆಳಕ್ಕೆ. ಲೈಟರನ್ನು ಓರೆ ಮಾಡಿದರೆ ಧೀರಸ್ವಭಾವದ ಆ ಶಿಖೆಯು ಬಟ್ಟಲಿನ ಅಂಚನ್ನು ಕಪ್ಪಾಗಿಸಿ, ಹೆಬ್ಬೆರಳನ್ನು ಮುಟ್ಟಿ ನೋಡಿ, ಹುಬ್ಬಿನ ಕಡೆಗೆ ಏರುತ್ತದೆ. ಅಮೆರಿಕದ ಜಿಪ್ಪೊದವರು ಗಾಳಿಮರೆಯ ಪಕ್ಕಗಳಲ್ಲಿ ದುಂಡನೆಯ ರಂಧ್ರವನ್ನು ತೆರೆದು, ಬಟ್ಟಲಿನ ಮೇಲೆ ಅದನ್ನಿಟ್ಟು ಉಸಿರೆಳೆದರೆ ಜ್ವಾಲೆಯು ಅಡ್ಡಲಾಗಿ ಬಾಗಿ ಒಳಗಿಳಿಯುವಂತೆ ಮಾಡಿದರು. ಅದು ಜಾಣತನ. ಆದರೆ ನನ್ನ ಮನಸ್ಸು ಒಲಿದದ್ದು ವಿಯೆನ್ನಾದ ಇಮ್ಕೊಗೆ. ಗುಂಡಿಗಳನ್ನು ತಯಾರಿಸಲೆಂದು 1907ರಲ್ಲಿ ಹುಟ್ಟಿದ ಆ ಕಾರ್ಖಾನೆಯು ಮೊದಲ ಮಹಾಯುದ್ಧ ಮುಗಿದು ಸಮವಸ್ತ್ರದ ಗುಂಡಿಗಳನ್ನು ಕೇಳುವವರಿಲ್ಲದಾದಾಗ ಲೈಟರಿಗೆ ತಿರುಗಿತು. ಅದರ ಪ್ರಸಿದ್ಧ ಮಾದರಿಯಲ್ಲಿ ಎಣ್ಣೆಯ ಕೊಳವೆಯನ್ನು, ಉರಿಯುವ ಬತ್ತಿಯ ಸಮೇತ, ಒರೆಯಿಂದ ಹೊರಗೆಳೆದು ಪುಟ್ಟ ಮೇಣದಬತ್ತಿಯನ್ನು ಹಿಡಿದಂತೆ ಹಿಡಿದು ಬಟ್ಟಲಿನ ಮೇಲೆ ಬೇಕಾದ ಹಾಗೆ ಆಡಿಸಬಹುದು. ಇಷ್ಟು ಸುಲಭವಾಗಿ ಕೆಲಸ ಮಾಡುವುದೆಂಬ ಕಾರಣದಿಂದಲೇ ನಾನು ಅದನ್ನು ಪೆಟ್ಟಿಗೆಯಲ್ಲಿಟ್ಟು ಗೌರವಿಸುತ್ತೇನೆ. ದಿನಬಳಕೆಗೆ ಹಿತ್ತಾಳೆಯದೇ ಇರಬೇಕು.

ಮೊನ್ನೆ ಸಂಜೆ ಹೊಸ ಕಲ್ಲು ಹಾಕಿ, ಬತ್ತಿಯ ಕರಿಕಲು ತುದಿಯನ್ನು ಕತ್ತರಿಸಿ, ಎಣ್ಣೆಯೂ ಹದವಾಗಿರುವುದನ್ನು ಮೂಗಿನಿಂದ ನಿಶ್ಚಯಿಸಿಕೊಂಡು ಚಕ್ರವನ್ನು ತಿರುಗಿಸುತ್ತ ಕುಳಿತಿದ್ದೆ. ಕಿಡಿಗಳು ಸುರಿದವು, ಬತ್ತಿಯು ಸ್ಥಿತಪ್ರಜ್ಞನಾಗಿತ್ತು. ಅಡಿಗೆಮನೆಯಿಂದ ಆ ಕಿರಿಕಿರಿ ಸದ್ದನ್ನು ಎಷ್ಟು ಹೊತ್ತು ಸಹಿಸಿದ್ದಳೋ, ನನ್ನಾಕೆ ಗ್ಯಾಸ್ ಒಲೆ ಹಚ್ಚುವ ಉದ್ದನೆಯ ಲೈಟರನ್ನು ಹಿಡಿದುಕೊಂಡೇ ಬಂದಳು.

“ರೀ, ಸ್ವಲ್ಪ ಹಿಡ್ಕೊಳ್ಳಿ ಹೀಗೆ” ಎಂದಳು.

ಹಿಡಿದೆ. ಬತ್ತಿಯ ಬಳಿ ಅದರ ಮೂತಿಯನ್ನು ತಂದು ಒಮ್ಮೆ ಟಿಕ್ಕೆನ್ನಿಸಿದಳು. ಹಿತ್ತಾಳೆಯ ಲೈಟರು ಭಗ್ಗನೆ ಹೊತ್ತಿತು.

“ಹೂಂ, ಇನ್ನು ಹಚ್ಚಿಕೊಳ್ಳಿ ನಿಮ್ಮ ಪೈಪು” ಎಂದು ಹೇಳಿ ಒಗ್ಗರಣೆಗೆ ಹಿಂತಿರುಗಿದಳು.

ಪೈಪಿಗೆ ಇನ್ನೂ ಸೊಪ್ಪು ತುಂಬಿರಲಿಲ್ಲ.