ಕಂಪನಿ ಬ್ರೌಸರ್ ಮೀಮಾಂಸೆ: ಕಂಟ್ರೋಲ್-ಸಿ ನಿಷೇಧ ಪ್ರಕರಣ ಸಹಿತ

ಯಾವ ಶಾಸ್ತ್ರವಾದರೂ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಕೊಳ್ಳಬೇಕಷ್ಟೆ. ಇಲ್ಲಿ ವಿಷಯ, ಕಂಪನಿಯವರು ನೌಕರರಿಗೆಂದೇ ಕೊಡುವ ಬ್ರೌಸರು. ಪ್ರಯೋಜನ, ಕಂಪನಿಯ ಗುಟ್ಟು ಕಂಪನಿಯಲ್ಲೇ ಉಳಿಯುವುದು. ಸಂಬಂಧವೆಂದರೆ ಸಂಶಯ; ಅದು ಕಂಪನಿಗೂ ನೌಕರನಿಗೂ ಆಫರ್ ಲೆಟರ್ ಕೈಗೆ ಬಂದ ದಿನದಿಂದಲೇ ಸಿದ್ಧವಾಗಿರುವಂಥದ್ದು. ಇನ್ನು ಈ ಶಾಸ್ತ್ರವನ್ನು ಓದಲು ಅಧಿಕಾರಿ ಯಾರು? ಐಟಿಯವರಿಗೆ ಟಿಕೆಟ್ ಹಾಕಿ, ಅದು 'ರಿಸಾಲ್ವ್ಡ್' ಎಂದು ಮುಚ್ಚಿಹೋದದ್ದನ್ನು ಕಂಡು, ಮತ್ತೆ ಟಿಕೆಟ್ ಹಾಕಿಯೂ ಸಿಟ್ಟಾಗದವನು.

ಮೊದಲಿಗೆ ಇತಿಹಾಸ, ಚುಟುಕಾಗಿ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮೊತ್ತಮೊದಲ ಬ್ರೌಸರ್ ಬರೆದದ್ದು ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲಿ ಎಂದು. ಮೂರು ದಶಕ ಕಳೆದ ಮೇಲೆ ಹಂಚಿಕೊಳ್ಳದಿರಲಿ ಎಂದು ಇನ್ನೊಂದು ತಳಿ ಹುಟ್ಟಿತು. 2022ರಲ್ಲಿ ಇಂಥ ಬ್ರೌಸರ್ ಮಾಡುವ ಐಲ್ಯಾಂಡ್ ಕಂಪನಿ ಬೆಳಕಿಗೆ ಬಂತು. 2023ರಲ್ಲಿ ಅದೇ ಕಸುಬಿನ ಟ್ಯಾಲನ್ ಎಂಬ ಕಂಪನಿಯನ್ನು ಪಾಲೊ ಆಲ್ಟೊ ನೆಟ್‌ವರ್ಕ್ಸ್ ಕೊಂಡುಕೊಂಡಿತು. ಗೂಗಲ್, ಮೈಕ್ರೋಸಾಫ್ಟ್‌ಗಳೂ ತಮ್ಮ ಬ್ರೌಸರುಗಳಿಗೆ ಆಫೀಸಿನ ಸಮವಸ್ತ್ರ ತೊಡಿಸಿದವು. ವಿಶೇಷವೆಂದರೆ ಇವೆಲ್ಲದರ ಹೊಟ್ಟೆಯೊಳಗಿರುವುದು ಒಂದೇ: ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದಾದ ಕ್ರೋಮಿಯಂ. ಬಿಟ್ಟಿ ಬ್ರೌಸರಿಗೆ 'ಆಗಲ್ಲ' ಎನ್ನಲು ಕಲಿಸಿದರೆ ತಲೆಗಿಷ್ಟು ಎಂದು ತಿಂಗಳು ತಿಂಗಳು ವಸೂಲಿ ಮಾಡಬಹುದು. ಸರ್ಕಾರಿ ಕಚೇರಿಗಳು ಈ ಸೇವೆಯನ್ನು ತಲೆಮಾರುಗಳಿಂದ ಕೊಡುತ್ತಿದ್ದರೂ ಪೇಟೆಂಟ್ ಮಾಡಿಸಲಿಲ್ಲ.

ಇಲ್ಲಿ ಪೂರ್ವಪಕ್ಷ. ಫೈರ್‌ವಾಲ್ ಇಲ್ಲವೆ? ವಿಪಿಎನ್ ಇಲ್ಲವೆ? ಗೇಟಿನಲ್ಲಿ ಬ್ಯಾಗ್ ತೆರೆಸುವ ಸೆಕ್ಯೂರಿಟಿಯವರು ಇಲ್ಲವೆ? ಬ್ರೌಸರಿಗೂ ಕಾವಲೇಕೆ?

ಸಿದ್ಧಾಂತ ಹೀಗಿದೆ. ಸಂಬಳದ ಪಟ್ಟಿ, ಗ್ರಾಹಕರ ವಿವರ, ಸೋರ್ಸ್ ಕೋಡ್ ಎಲ್ಲವೂ ಈಗ ಒಂದೊಂದು ಟ್ಯಾಬು. ಬೆಳ್ಳಂದೂರಿನ ಆಫೀಸಿನಲ್ಲಿ ಗಾಜು ಹೊಳೆಯುತ್ತಿದ್ದರೆ, ಕೆಲಸ ಮಾಡುವ ಗುತ್ತಿಗೆ ನೌಕರ ತುಮಕೂರಿನ ಮನೆಯಲ್ಲಿ ಸ್ವಂತ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿರುತ್ತಾನೆ. ಮಾಹಿತಿಯು ದಾರಿಯುದ್ದಕ್ಕೂ ಎನ್‌ಕ್ರಿಪ್ಷನ್ನಿನ ಮುಸುಕು ಹೊದ್ದು ಸಾಗುತ್ತದೆ. ನಡುದಾರಿಯ ಫೈರ್‌ವಾಲ್‌ಗೆ ಅದರ ಮುಖ ಕಾಣುವುದೇ ಕಷ್ಟ. ಮುಸುಕು ತೆಗೆದು ಅದು ಕೂರುವುದು ಬ್ರೌಸರಿನೊಳಗೆ. ಕಾವಲುಗಾರನೂ ಅಲ್ಲೇ ಕೂರಬೇಕೆಂಬುದು ನ್ಯಾಯಸಮ್ಮತ. ಈ ಒಂದು ಮಾತನ್ನು ಮಾತ್ರ ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಅಂಥ ಗುತ್ತಿಗೆ ನೌಕರನಿಗೆ ಲ್ಯಾಪ್‌ಟಾಪ್ ಕೊರಿಯರ್ ಮಾಡಿ, ಆಮೇಲೆ ಅದನ್ನು ವಾಪಸ್ ಪಡೆಯಲು ಮೇಲ್ ಮೇಲೆ ಮೇಲ್ ಕಳಿಸುವುದಕ್ಕಿಂತ ಒಂದು ಬ್ರೌಸರ್ ಕೊಡುವುದು ಎಷ್ಟೋ ಮೇಲು.

ಆದರೆ ಈ ಶಾಸ್ತ್ರದ ಆದ್ಯಪ್ರವರ್ತಕ ಕೌಟಿಲ್ಯ ಎಂಬ ಪಕ್ಷಕ್ಕೆ ಸೇರಿದವನು ನಾನು. ಅರ್ಥಶಾಸ್ತ್ರದ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಅದರಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕ ಕೊಟ್ಟವರಿಗೆ ಮುದ್ರೆ. ಮುದ್ರೆಯಿಲ್ಲದೆ ಗಡಿ ದಾಟುವ ನಾಡಿಗನಿಗೆ 12 ಪಣ ದಂಡ. ಇಂದಿನ ಬ್ರೌಸರೂ ಬಾಗಿಲಲ್ಲಿ ಹಾಗೇ ವಿಚಾರಿಸುತ್ತದೆ: ಯಾರು ನೀನು, ಯಾವ ಯಂತ್ರ, ಅಪ್‌ಡೇಟ್ ಹಾಕಿದ್ದೀಯಾ, ಡಿಸ್ಕಿಗೆ ಬೀಗವಿದೆಯಾ. ದಂಡದ ದರ ಮಾತ್ರ ಏರಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಕ್ಕ ಭದ್ರತೆಯಿಲ್ಲದೆ ಜನರ ಮಾಹಿತಿ ಸೋರಿದರೆ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ಬೀಳಬಹುದು. ಸರ್ಕಾರಿ ಹಣ ನುಂಗುವ 40 ದಾರಿಗಳನ್ನು ಎಣಿಸಿಟ್ಟ ಕೌಟಿಲ್ಯನಿಗೆ ಕಾಪಿ-ಪೇಸ್ಟ್ ಮಾತ್ರ ಹೊಳೆಯಲಿಲ್ಲ. ಆ ಕೊರತೆಯನ್ನು 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಲ್ಯಾರಿ ಟೆಸ್ಲರ್ ನೀಗಿಸಿದರು.

ಹೀಗೆ ಬಂದೊದಗಿದ್ದು ಕಂಟ್ರೋಲ್-ಸಿ ನಿಷೇಧ ಪ್ರಕರಣ. ನಿಯಮ ಸೂಕ್ಷ್ಮವಾದದ್ದು. ಕಂಪನಿಯ ಒಂದು ಟ್ಯಾಬಿನಿಂದ ಕಂಪನಿಯದೇ ಇನ್ನೊಂದು ಟ್ಯಾಬಿಗೆ ಅಂಟಿಸಬಹುದು. ಸ್ವಂತ ಜಿಮೇಲಿಗೆ ಅಂಟಿಸಲಾಗದು, ಚಾಟ್‌ಜಿಪಿಟಿಗಂತೂ ಸುತರಾಂ ಇಲ್ಲ. ಸ್ಯಾಮ್‌ಸಂಗಿನ ಎಂಜಿನಿಯರುಗಳು ಸೋರ್ಸ್ ಕೋಡನ್ನೇ ಅಲ್ಲಿ ಸುರಿದು, 2023ರಲ್ಲಿ ಕಂಪನಿಯು ಅಂಥ ಉಪಕರಣಗಳಿಗೇ ನಿಷೇಧ ಹೇರಿದ ಮೇಲೆ ಈ ಸೂತ್ರಕ್ಕೆ ಬಲ ಬಂತು. ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ಒಂದು ಚಮತ್ಕಾರವಿದೆ: ನಿಷಿದ್ಧ ಜಾಗದಲ್ಲಿ ಅಂಟಿಸಿದರೆ ನಿಮ್ಮ ಮಾತಿನ ಬದಲು 'ನಿಮ್ಮ ಸಂಸ್ಥೆಯ ಮಾಹಿತಿಯನ್ನು ಇಲ್ಲಿ ಅಂಟಿಸಲಾಗದು' ಎಂಬರ್ಥದ ವಾಕ್ಯವೇ ಬಂದು ಅಂಟಿಕೊಳ್ಳುತ್ತದೆ. ಅವಸರದಲ್ಲಿ ನೋಡದೆ ಸೆಂಡ್ ಒತ್ತಿದವನ ಗ್ರಾಹಕನು ಕೊಟೇಶನ್ ಕೇಳಿ ಈ ಸುಭಾಷಿತವನ್ನು ಪಡೆಯುತ್ತಾನೆ.

ನಿಷೇಧಗಳಲ್ಲಿ ಪರಮೋಚ್ಚವಾದದ್ದು ಡೈನೋಸಾರಿನದು. ಇಂಟರ್‌ನೆಟ್ ಹೋದಾಗ ಪಾಪಾಸುಕಳ್ಳಿ ಹಾರುತ್ತ ಓಡುವ ಕ್ರೋಮಿನ ಆ ಪ್ರಾಣಿ 2014ರಲ್ಲಿ ಹುಟ್ಟಿತು. ಅದನ್ನು ಕಟ್ಟಿಹಾಕಲು ಗೂಗಲ್ ಪ್ರತ್ಯೇಕ ಪಾಲಿಸಿಯನ್ನೇ ಒದಗಿಸಿದೆ. ನೆಟ್ ಇಲ್ಲದಾಗ ಮಾಹಿತಿ ಸೋರುವುದು ಹೇಗೆಂದು ಅಲ್ಪಮತಿಗಳು ಕೇಳಬಹುದು. ಶಾಸ್ತ್ರಕಾರರ ಆತಂಕ ಸೋರಿಕೆಯದಲ್ಲ, ಸುಖದ್ದು.

ಬ್ರೌಸರಿಗೆ ಸಿಕ್ಕಿಸುವ ಎಕ್ಸ್‌ಟೆನ್ಷನ್ನುಗಳ ವಿಷಯದಲ್ಲಿ ನಗುವುದಕ್ಕಾಗದು. ಮಾಹಿತಿ ಸೋರದಂತೆ ತಡೆಯುವುದೇ ಕಸುಬಾಗಿರುವ ಸೈಬರ್‌ಹೇವನ್ ಕಂಪನಿಯ ಎಕ್ಸ್‌ಟೆನ್ಷನ್ನಿನೊಳಗೆ 2024ರ ಕ್ರಿಸ್‌ಮಸ್ ಹೊತ್ತಿಗೆ ಕಳ್ಳರು ನುಗ್ಗಿದರು. ಹೊಕ್ಕ ದಾರಿ, ನೌಕರರೊಬ್ಬರಿಗೆ ಬಂದ ಒಂದು ನಕಲಿ ಮೇಲು. ಅವರಿಂದ ಅನುಮತಿ ಗಿಟ್ಟಿಸಿದ ಕಳ್ಳ ಆ್ಯಪಿನ ಹೆಸರು 'ಪ್ರೈವೆಸಿ ಪಾಲಿಸಿ ಎಕ್ಸ್‌ಟೆನ್ಷನ್'. ಅಣಕು ಬರೆಯುವವರ ಹೊಟ್ಟೆಯ ಮೇಲೆ ಹೊಡೆಯುವುದೆಂದರೆ ಇದೇ.

ಕೊನೆಯದು ಜಲಮುದ್ರೆ, ಅಂದರೆ ವಾಟರ್‌ಮಾರ್ಕ್, ಅಧಿಕರಣ. ನಿದರ್ಶನಕ್ಕೆ ಒಬ್ಬ ಮ್ಯಾನೇಜರ್, ಒಬ್ಬ ಟೀಮ್ ಲೀಡ್. ಮ್ಯಾನೇಜರ್ ಮೆಟ್ರೊದಲ್ಲಿ ನಿಂತಿದ್ದಾರೆ, ಆಕೆ ಆಫೀಸಿನಲ್ಲಿ.

"ಏನ್ರೀ, ಆ ರೇಟ್ ಶೀಟ್ ಕಳಿಸ್ತೀನಿ ಅಂದ್ರಲ್ಲ?"

"ಸರ್, ಡೌನ್‌ಲೋಡ್ ಆಗ್ತಿಲ್ಲ. ಪಾಲಿಸಿ ಅಂತ ಬರ್ತಿದೆ."

"ಕಾಪಿ ಮಾಡಿ ಹಾಕ್ಬಿಡಿ."

"ಅದೂ ಬ್ಲಾಕ್ ಮಾಡಿದ್ದಾರೆ ಸರ್. ಸ್ಕ್ರೀನ್‌ಶಾಟ್ ತೆಗೆದ್ರೆ ಪೂರ್ತಿ ಕಪ್ಪು."

"ಮೊಬೈಲಲ್ಲಿ ಫೋಟೋ ಹೊಡ್ದು ವಾಟ್ಸಾಪ್ ಮಾಡ್ರೀ."

ಆಕೆ ಜಾಣೆ. ಪರದೆಯ ತುಂಬ ಓರೆಯಾಗಿ, ತಿಳಿಬೂದು ಬಣ್ಣದಲ್ಲಿ, ಪ್ರತಿ ಅಂಕಿಯ ಬೆನ್ನಿಗೂ ಅವಳದೇ ಇಮೇಲ್ ವಿಳಾಸ ಮತ್ತು ಸಮಯ ಮುದ್ರೆಯಾಗಿದೆ. ಎಲ್ಲಿ ಕತ್ತರಿಸಿದರೂ ಹೆಸರು ಉಳಿಯುತ್ತದೆ. ಫೋಟೋ ಎಲ್ಲಿಗೆ ಹೋದರೂ ಅಪರಾಧಿ ಅವಳೇ, ಮ್ಯಾನೇಜರಲ್ಲ.

"ಬೇಡ ಸರ್, ಓದಿ ಹೇಳ್ತೀನಿ, ಬರ್ಕೊಳ್ಳಿ."

ಇದನ್ನೇ ನಾವು ಶ್ರುತಿ ಪರಂಪರೆ ಎನ್ನುವುದು. ಬಾಯಿಂದ ಕಿವಿಗೆ ದಾಟುವ ಮಾಹಿತಿಗೆ ಯಾವ ಬ್ರೌಸರೂ ಅಡ್ಡಬರದು. ಲಾಗ್ ಫೈಲಿನಲ್ಲಿ ಬೀಳುವುದು 'ಕಡತ ತೆರೆಯಲಾಯಿತು, ಮುಚ್ಚಲಾಯಿತು' ಎಂಬ ಎರಡು ಸಾಲು ಮಾತ್ರ. ಮ್ಯಾನೇಜರ್ ಫೋನನ್ನು ಸ್ಪೀಕರಿಗೆ ಹಾಕಿ, ದರ್ಶಿನಿಯ ಬಿಲ್ಲಿನ ಹಿಂಬದಿಯಲ್ಲಿ ಗೀಚತೊಡಗಿದರು. ಇಂದಿರಾನಗರ ದಾಟುವಾಗ ಗಾಡಿಯ ಸದ್ದಿನಲ್ಲಿ ಒಂದು ಅಂಕಿ ಕೇಳಿಸಲಿಲ್ಲ. "ಏನಂದ್ರಿ? ಏಳೋ ಎಂಟೋ?" ಎಂದು ಕೂಗಿದರು.

ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಹಿರಿಯರು, "ಏಳು ಅಂದ್ರು ಸಾರ್. ಅದಕ್ಕೆ ಮುಂಚಿನದನ್ನೂ ತಪ್ಪು ಬರ್ಕೊಂಡಿದ್ದೀರಿ, ಅದು ನಾಲ್ಕು," ಎಂದರು.